ಹತ್ತು ಹಾಸಿಗೆಗಳ ವಾರ್ಡು

ಸರ್ಕಾರದ ಬೊಕ್ಕಸದಿಂದ ವೈದ್ಯಕೀಯ ಸಂಶೋಧನೆಗೆ ಹಣ ಸಲ್ಲಬೇಕೆಂಬ ಮಾತು ಬಂದಾಗಲೆಲ್ಲ ಅದಕ್ಕೆ ಎದುರಾಗಿ ಏಳುವ ಆಕ್ಷೇಪವೊಂದುಂಟು. ಅದನ್ನು ಆಡುವವರು ಕುಹಕಿಗಳಲ್ಲ, ಬಹುಮಟ್ಟಿಗೆ ಸಜ್ಜನರೇ. ಕ್ಷಯವು ಇನ್ನೂ ತೊಲಗದಿರುವ, ಬಸುರಿಯರ ರಕ್ತಹೀನತೆಯು ಇನ್ನೂ ನೀಗದಿರುವ, ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆಯ ವೈದ್ಯರೊಬ್ಬರು ದೊರೆತರೆ ಅದೇ ಪುಣ್ಯವೆನಿಸಿರುವ ನಾಡಿನಲ್ಲಿ, ಎಲ್ಲೋ ಒಬ್ಬರಿಗೆ ಬರುವ ಗ್ರಂಥಿರೋಗಗಳನ್ನೂ, ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ನಾಲ್ಕೈದು ಗ್ರಾಂ ತೂಕದ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಗಂತಿಗಳನ್ನೂ, ಎಲುಬಿನೊಳಕ್ಕೆ ಸುಣ್ಣವು ಹೇಗೆ ಬಂದು ಹೇಗೆ ಹೋಗುವುದೆಂಬ ವಿಚಾರವನ್ನೂ ಹಿಡಿದು ವರ್ಷಗಟ್ಟಲೆ ಆರಾಯುತ್ತ ಕೂರುವುದು ಶ್ರೀಮಂತ ದೇಶಗಳ ವಿಲಾಸವಲ್ಲವೇ ಎಂಬುದು ಆ ಆಕ್ಷೇಪದ ಸಾರ. ನಾನು ಇದನ್ನು ಒಪ್ಪಲಾರೆ. ಅಪರೂಪದ ರೋಗಿಯೊಬ್ಬನ ಮಗ್ಗುಲಲ್ಲಿ ದೀರ್ಘಕಾಲ ಕುಳಿತು, ಅವನ ದೇಹಕ್ಕೆ ಸೇರುವುದನ್ನೂ ಅದರಿಂದ ಹೊರಡುವುದನ್ನೂ ಅಳೆದು ನೋಡುವ ಆ ನಿಧಾನದ ವಿದ್ಯೆಯಿಂದಲೇ ಸರ್ವಸಾಮಾನ್ಯವಾದ ಹಲವು ವ್ಯಾಧಿಗಳ ಗುಟ್ಟು ಹೊರಬಿದ್ದಿದೆ; ಅಂಥ ವಿದ್ಯೆಗೆ ತಕ್ಕ ಒಂದು ನೆಲೆಯನ್ನು ಕರ್ನಾಟಕವು ತನ್ನ ಹಣದಿಂದ, ತನ್ನವೇ ಆದ ಪ್ರಶ್ನೆಗಳಿಗಾಗಿ ಕಟ್ಟಿಕೊಳ್ಳಬೇಕು ಎಂಬುದು ನನ್ನ ವಾದ.

ಚರಿತ್ರೆಯ ಸಾಕ್ಷ್ಯವನ್ನೇ ಮೊದಲು ಕೇಳೋಣ. ಅಡ್ರಿನಲ್ ಗ್ರಂಥಿಗಳನ್ನು ಇಟಲಿಯ ಶರೀರಶಾಸ್ತ್ರಜ್ಞ ಯೂಸ್ಟಾಕಿಯೊ 1563ರಷ್ಟು ಹಿಂದೆಯೇ ವರ್ಣಿಸಿದ್ದರೂ, ಅವು ದೇಹದಲ್ಲಿ ಇರುವುದು ಏತಕ್ಕೆ ಎಂಬುದು ಮುಂದೆ ಸುಮಾರು ಮೂರು ಶತಮಾನಗಳವರೆಗೆ ಯಾರಿಗೂ ತಿಳಿದಿರಲಿಲ್ಲ. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್ ಒಂದು ತೆಳುವಾದ ಗ್ರಂಥವನ್ನು ಪ್ರಕಟಿಸಿದನು. ದಿನದಿನಕ್ಕೆ ಕುಂದುವ ತ್ರಾಣ, ಸೋತ ನಾಡಿ, ಅನ್ನದ್ವೇಷ, ವಾಂತಿ, ಇವುಗಳೊಡನೆ ಮೈಯ ಚರ್ಮವು ವಿಲಕ್ಷಣವಾಗಿ ಕಪ್ಪಡರುವುದು, ಈ ಲಕ್ಷಣಗಳಿಂದ ಕೂಡಿದ ಹನ್ನೊಂದು ಮಂದಿಯ ವೃತ್ತಾಂತವನ್ನು ಅದರಲ್ಲಿ ಬರೆದಿಟ್ಟು, ಈ ಎಲ್ಲ ಸಂಕಟದ ಮೂಲವು ಅಡ್ರಿನಲ್ ಗ್ರಂಥಿಗಳ ನಾಶದಲ್ಲಿದೆಯೆಂದು ಶವಪರೀಕ್ಷೆಗಳ ಬಲದಿಂದ ಪ್ರತಿಪಾದಿಸಿದನು. ಮರುವರ್ಷವೇ ಪ್ಯಾರಿಸ್ಸಿನಲ್ಲಿ ಬ್ರೌನ್-ಸೆಕಾರ್ ಪ್ರಾಣಿಗಳಿಂದ ಈ ಗ್ರಂಥಿಗಳನ್ನು ತೆಗೆದುಹಾಕಿ, ಅವಿಲ್ಲದೆ ಜೀವವು ನಿಲ್ಲದೆಂಬುದನ್ನು ತೋರಿಸಿದನು. ಆಕ್ಷೇಪಿಸುವವರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಡಿಸನ್ ಕಂಡ ಆ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ತಿಂದುಹಾಕಿದ್ದುದು ಕ್ಷಯವೇ. ನಮ್ಮ ದೇಶದಲ್ಲಿ ಇಂದಿಗೂ ಅಡ್ರಿನಲ್ಲಿನ ಕೊರತೆಯಿಂದ ಬಳಲುವವರಲ್ಲಿ ಕ್ಷಯವನ್ನೂ, ಹಿಸ್ಟೋಪ್ಲಾಸ್ಮ ಎಂಬ ಶಿಲೀಂಧ್ರದ ಸೋಂಕನ್ನೂ ವೈದ್ಯರು ಮೊದಲು ಹುಡುಕಬೇಕಾಗುತ್ತದೆ. ಹೀಗಿರುವಾಗ ಬಡವರ ರೋಗ ಒಂದು, ಗ್ರಂಥಿಗಳ ರೋಗ ಮತ್ತೊಂದು ಎಂದು ಗೋಡೆ ಎಬ್ಬಿಸಿ, ಒಂದಕ್ಕೆ ಹಣ ಕೊಟ್ಟು ಇನ್ನೊಂದಕ್ಕೆ ಕೈಮುಗಿಯುವುದು ಹೇಗೆ? ಕ್ಷಯಕ್ಕೆ ಮಾತ್ರೆ ನುಂಗಿ ಗುಣವಾದನೆಂದು ಪಟ್ಟಿಯಿಂದ ಹೆಸರು ತೆಗೆಸಿಕೊಂಡವನು ಆಮೇಲೆಯೂ ಏಳಲಾರದೆ ಮಲಗಿದ್ದರೆ, ಮೊದಲೇ ಕಂದುಬಣ್ಣದ ನಮ್ಮ ಮೈಗಳಲ್ಲಿ ಹೊಸ ಕಪ್ಪನ್ನು ಅಂಗೈಯ ಗೆರೆಗಳಲ್ಲಿಯೂ ಒಸಡಿನಲ್ಲಿಯೂ ಅರಸಬೇಕೆಂಬ ತಿಳಿವು ಇಲ್ಲದ ವೈದ್ಯನಿಗೆ ಅವನು ಬರಿಯ ಸೋಮಾರಿಯಾಗಿ ಕಂಡಾನು.

ಇನ್ನು ನಾನು ಹೇಳಬೇಕೆಂದಿರುವ ವಾರ್ಡಿನ ಮಾತು. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1925ರಲ್ಲಿ ಹತ್ತು ಹಾಸಿಗೆಗಳ ಒಂದು ವಿಭಾಗವು ತೆರೆಯಿತು. ವಾರ್ಡ್ ನಾಲ್ಕು ಎಂದೇ ಅದಕ್ಕೆ ಹೆಸರು. ಅಲ್ಲಿ ರೋಗಿಗೆ ಬಡಿಸುವ ಪ್ರತಿಯೊಂದು ಪದಾರ್ಥವನ್ನೂ ತೂಗಿ ಬಡಿಸುತ್ತಿದ್ದರು, ತಟ್ಟೆಯಲ್ಲಿ ಉಳಿದುದನ್ನು ಮತ್ತೆ ತೂಗುತ್ತಿದ್ದರು, ಮಲಮೂತ್ರಗಳನ್ನು ಒಂದಿಷ್ಟೂ ಪೋಲಾಗದಂತೆ ಸಂಗ್ರಹಿಸಿ ಅವುಗಳಲ್ಲಿನ ಕ್ಯಾಲ್ಸಿಯಂ, ರಂಜಕಗಳ ಪ್ರಮಾಣವನ್ನು ಲೆಕ್ಕ ಹಾಕುತ್ತಿದ್ದರು. ಅದರ ಆದಿಯಲ್ಲಿದ್ದ ಜೋಸೆಫ್ ಆಬ್ ಎಂಬವನು ಸೀಸದ ಕಾರ್ಖಾನೆಗಳ ಕೂಲಿಕಾರರಿಗೆ ತಗಲುತ್ತಿದ್ದ ಸೀಸವಿಷವನ್ನು ಕುರಿತು ಶೋಧಿಸುತ್ತಿದ್ದನು. ಸೀಸವು ಕ್ಯಾಲ್ಸಿಯಂನ ಜೊತೆಯಲ್ಲೇ ಎಲುಬಿನೊಳಗೆ ಅಡಗಿಕೊಳ್ಳುವುದರಿಂದ ಅದನ್ನು ಅಲ್ಲಿಂದ ಹೊರಡಿಸುವ ಉಪಾಯವನ್ನು ಹುಡುಕುತ್ತ, ಆಗತಾನೆ ಕೆನಡಾದ ಕಾಲಿಪ್ ಸಿದ್ಧಪಡಿಸಿದ್ದ ಪ್ಯಾರಾಥೈರಾಯ್ಡ್ ಗ್ರಂಥಿಯ ಸಾರವನ್ನು ಆ ಕೂಲಿಕಾರರಿಗೆ ಕೊಟ್ಟು ನೋಡಿದಾಗ, ಸೀಸದೊಡನೆ ಕ್ಯಾಲ್ಸಿಯಂ ಕೂಡ ಎಲುಬನ್ನು ಬಿಟ್ಟು ಹೊರಡುವುದು ಕಂಡಿತು. ಎಲುಬೆಂದರೆ ಒಮ್ಮೆ ನೆಟ್ಟ ಮೇಲೆ ಹಾಗೆಯೇ ನಿಲ್ಲುವ ಕಲ್ಲುಕಂಬವೆಂದು ಭಾವಿಸಿದ್ದವರಿಗೆ, ಅದು ತುಂಬುವ ಕೈಯೂ ತೋಡುವ ಕೈಯೂ ಸದಾ ಆಡುತ್ತಿರುವ ಕಣಜವೆಂಬುದೂ, ಆ ತೋಡುವ ಕೈಗೆ ಅಪ್ಪಣೆ ಕೊಡುವವುಗಳಲ್ಲಿ ಕುತ್ತಿಗೆಯೊಳಗಣ ಅಕ್ಕಿಕಾಳಿನಷ್ಟು ದಪ್ಪದ ಗ್ರಂಥಿಗಳೂ ಸೇರಿವೆಯೆಂಬುದೂ ಹೀಗೆ, ಕೂಲಿಕಾರನ ಕಷ್ಟದ ಬೆನ್ನು ಹತ್ತಿದ್ದರಿಂದ, ಮನದಟ್ಟಾಯಿತು. (ಪ್ಯಾರಾಥೈರಾಯ್ಡ್ ಗ್ರಂಥಿಯನ್ನು ಮೊಟ್ಟಮೊದಲು ಗುರುತಿಸಿದುದು ಮನುಷ್ಯನ ದೇಹದಲ್ಲಲ್ಲ, ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದನ್ನು ಸೀಳಿ ನೋಡುವಾಗ ರಿಚರ್ಡ್ ಓವೆನ್ ಅದನ್ನು ಕಂಡನು. ಮನುಷ್ಯನಲ್ಲಿ ಅದನ್ನು ಗುರುತಿಸಿದ ಕೀರ್ತಿ 1880ರಲ್ಲಿ ಸ್ವೀಡನ್ನಿನ ಸ್ಯಾಂಡ್‌ಸ್ಟ್ರೋಮ್ ಎಂಬ ತರುಣನದು. ನಮ್ಮ ಖಡ್ಗಮೃಗದ ಈ ಸೇವೆಯನ್ನು ಯಾರೂ ನೆನೆಯುವುದಿಲ್ಲವಾದ್ದರಿಂದ ಇಲ್ಲಿ ನೆನೆದೆ.)

ಆ ವಾರ್ಡಿಗೆ 1926ರಲ್ಲಿ ಬಂದವನು ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕ್ಯಾಪ್ಟನ್. ಆರಡಿಗೂ ಮಿಕ್ಕಿದ ಎತ್ತರದ ದೃಢಕಾಯನಾಗಿದ್ದ ಆತನು ಕೆಲವೇ ವರ್ಷಗಳಲ್ಲಿ ಏಳು ಅಂಗುಲಗಳಷ್ಟು ಕುಗ್ಗಿ, ಬೆನ್ನು ಬಾಗಿ, ಕೊರಳು ಎದೆಯೊಳಗೆ ಹೂತಂತಾಗಿ, ಒಂದಾದ ಮೇಲೊಂದು ಎಲುಬು ಮುರಿಯುತ್ತ, ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟುತ್ತ, ಕಡಲಿನ ಉದ್ಯೋಗವನ್ನು ಬಿಟ್ಟು ಆಸ್ಪತ್ರೆಯನ್ನೇ ಮನೆಮಾಡಿಕೊಳ್ಳಬೇಕಾಗಿತ್ತು. ಪ್ಯಾರಾಥೈರಾಯ್ಡ್ ಗ್ರಂಥಿಯೊಂದು ಗಂತಿಯಾಗಿ ಬೆಳೆದು ಎಲುಬಿನ ಸುಣ್ಣವನ್ನೆಲ್ಲ ರಕ್ತಕ್ಕೆ ಸುರಿಯುತ್ತಿದೆಯೆಂಬ ಅನುಮಾನ ನ್ಯೂಯಾರ್ಕಿನಲ್ಲಿ ಅವನನ್ನು ಪರೀಕ್ಷಿಸಿದ ಯೂಜೀನ್ ಡುಬಾಯ್‌ಗೆ ಆಗಲೇ ಬಂದಿತ್ತು. ಆದರೆ ಗಂತಿ ಎಲ್ಲಿ? ಕುತ್ತಿಗೆಯನ್ನು ಕೊಯ್ದು ನೋಡಿದರು, ಸಿಕ್ಕಲಿಲ್ಲ. ಮತ್ತೆ ಕೊಯ್ದರು, ಆಗಲೂ ಇಲ್ಲ. ಹೀಗೆ ಆರು ಶಸ್ತ್ರಚಿಕಿತ್ಸೆಗಳಾದರೂ ಹುಡುಕಿದ್ದು ದೊರೆಯದಿರಲು, ರೋಗಿಯು ತಾನೇ ವೈದ್ಯಗ್ರಂಥಗಳ ಮುಂದೆ ಕುಳಿತು ಅಂಗರಚನೆಯ ಪಾಠಗಳನ್ನು ಓದಿಕೊಂಡು, ಆ ಗ್ರಂಥಿಯು ಕೆಲವೊಮ್ಮೆ ಎದೆಗೂಡಿನೊಳಕ್ಕೆ ಜಾರಿರುವುದುಂಟೆಂಬುದನ್ನು ಅರಿತು, ಇನ್ನು ಅಲ್ಲಿಯೇ ಹುಡುಕಬೇಕೆಂದು ವೈದ್ಯರನ್ನು ಒತ್ತಾಯಿಸಿದನು. 1932ರಲ್ಲಿ ಎಡ್ವರ್ಡ್ ಚರ್ಚಿಲ್ ಮತ್ತು ಆಲಿವರ್ ಕೋಪ್ ನಡೆಸಿದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಗಂತಿಯು ನಿಜವಾಗಿಯೂ ಎದೆಯೊಳಗೇ ಸಿಕ್ಕಿತು. ಕಥೆಯು ಇಲ್ಲಿ ಸುಖವಾಗಿ ಮುಗಿದಿದ್ದರೆ ಎಷ್ಟು ಚೆನ್ನಿತ್ತು! ಆದರೆ ಕೆಲವೇ ವಾರಗಳಲ್ಲಿ, ಮೂತ್ರದ ಕಲ್ಲನ್ನು ತೆಗೆಯಲು ಮಾಡಿದ ಇನ್ನೊಂದು ಶಸ್ತ್ರಕ್ರಿಯೆಯ ಬೆನ್ನಿಗೆ, ಕ್ಯಾಪ್ಟನ್ ತೀರಿಕೊಂಡನು.

ಈ ಒಬ್ಬನನ್ನು ಆರು ವರ್ಷಗಳ ಕಾಲ ಹಿಂಬಾಲಿಸಿದ್ದರಿಂದ ಲೋಕಕ್ಕೆ ಬಂದ ಲಾಭವೇನೆಂದರೆ, ಆ ವಾರ್ಡಿನ ಮುಖ್ಯಪುರುಷನಾಗಿ ಬೆಳೆದ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯನು, ಎಲುಬಿನ ಸವೆತವೂ ಮೂತ್ರದ ಕಲ್ಲೂ ಒಂದೇ ಗ್ರಂಥಿವಿಕಾರದ ಎರಡು ಮುಖಗಳಾಗಿರಬಹುದೆಂಬುದನ್ನು ಇದರಿಂದ ಗ್ರಹಿಸಿ, ಆಸ್ಪತ್ರೆಗೆ ಕಲ್ಲಿನ ನೋವಿನಿಂದ ಬರುವವರೆಲ್ಲರ ರಕ್ತದಲ್ಲಿಯೂ ಕ್ಯಾಲ್ಸಿಯಂ ಅಳೆದು ನೋಡತಕ್ಕದ್ದೆಂದು ಹಟ ಹಿಡಿದನು. ಹಾಗೆ ನೋಡಿದಾಗ, ವೈದ್ಯಗ್ರಂಥಗಳ ಅಡಿಟಿಪ್ಪಣಿಯಲ್ಲಿ ಮಾತ್ರ ಕಾಣಿಸುತ್ತಿದ್ದ ಈ ರೋಗವು ಅಷ್ಟೊಂದು ಅಪರೂಪದ್ದಲ್ಲವೆಂದು ಗೊತ್ತಾಯಿತು. ಮುಂದೆ 1941ರಲ್ಲಿ ಅದೇ ಆಲ್‌ಬ್ರೈಟ್, ಮುಟ್ಟು ನಿಂತ ಹೆಂಗಸರ ಬೆನ್ನೆಲುಬು ಜೊಳ್ಳಾಗಿ ಕುಸಿಯುವುದಕ್ಕೆ ಸ್ತ್ರೀಹಾರ್ಮೋನಿನ ಕೊರತೆಯು ಕಾರಣವೆಂದು ತನ್ನ ಸಂಗಾತಿಗಳೊಡನೆ ಪ್ರತಿಪಾದಿಸಿದನು. ಇಂದು ನಮ್ಮ ಊರುಗಳಲ್ಲಿ ಬಚ್ಚಲಿನಲ್ಲಿ ಜಾರಿ ಸೊಂಟದ ಎಲುಬನ್ನು ಮುರಿದುಕೊಂಡು ಹಾಸಿಗೆ ಹಿಡಿಯುವ ಅಜ್ಜಿಯರೆಷ್ಟು ಮಂದಿಯೋ. ಅವರ ವ್ಯಾಧಿಯ ತಿಳಿವಿಗೆ ಹಾದಿಯಾದದ್ದು ಕ್ಯಾಪ್ಟನ್ ಮಾರ್ಟೆಲ್ಲನಂಥ ವಿರಳ ರೋಗಿಗಳು ಮಲಗಿದ್ದ ಹಾಸಿಗೆಗಳು. ನಮ್ಮ ಕಾಲದ ಉದಾಹರಣೆಯೂ ಉಂಟು. ದಕ್ಷಿಣ ಆಫ್ರಿಕದಲ್ಲಿ ನೆಲಸಿದ ಡಚ್ ಮೂಲದ ಕೆಲವು ಕುಟುಂಬಗಳಲ್ಲಿ ಎಲುಬು ಮಿತಿಮೀರಿ ದಪ್ಪವಾಗುವ ಒಂದು ವಂಶರೋಗವಿದೆ. ಅದಕ್ಕೆ ಕಾರಣವಾದ ಜೀನನ್ನು 2001ರಲ್ಲಿ ಗುರುತಿಸಿದ್ದರ ಫಲವಾಗಿ, ಸವೆದ ಎಲುಬನ್ನು ಮತ್ತೆ ಬೆಳೆಸುವ ಔಷಧವೊಂದು 2019ರಲ್ಲಿ ಬಳಕೆಗೆ ಬಂದಿತು. ಅದರ ಬೆಲೆ ನಮ್ಮ ಅಜ್ಜಿಯರಿಗೆ ನಿಲುಕುವುದಲ್ಲವೆಂಬುದು ಬೇರೆಯ ದುಃಖ.

ಅಡ್ರಿನಲ್ಲಿನ ಗಂತಿಗಳ ವಿಷಯದಲ್ಲಿಯೂ ಇದೇ ನಿದರ್ಶನ. ಮಿಷಿಗನ್ ವಿಶ್ವವಿದ್ಯಾನಿಲಯದ ಜೆರೋಮ್ ಕಾನ್ ಎಂಬವನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಬೇಸಗೆಯ ತೇವದಲ್ಲಿ ದುಡಿಯುವ ಸೈನಿಕರ ಬೆವರು ಕ್ರಮೇಣ ಉಪ್ಪಿಲ್ಲದಂತಾಗುವುದೇಕೆಂದು ಶೋಧಿಸಿದ್ದನು. ಉಪ್ಪನ್ನು ಹಿಡಿದಿಡುವ ಯಾವುದೋ ಸ್ರಾವವು ಅಡ್ರಿನಲ್ಲಿನಿಂದ ಹೊರಡುತ್ತಿರಬೇಕೆಂಬುದು ಅವನ ಊಹೆ. ಯುದ್ಧವು ಮುಗಿದು, 1953ರಲ್ಲಿ ಸಿಂಪ್ಸನ್, ಟೇಟ್ ಮೊದಲಾದವರು ಆಲ್ಡೊಸ್ಟೆರೋನ್ ಎಂಬ ಆ ಸ್ರಾವವನ್ನು ಬೇರ್ಪಡಿಸಿದ ಮೇಲೆ, 1954ರಲ್ಲಿ ಕಾನ್ ಬಳಿಗೆ ಮೂವತ್ತನಾಲ್ಕು ವಯಸ್ಸಿನ ಹೆಂಗಸೊಬ್ಬಳು ಬಂದಳು: ಏರಿದ ರಕ್ತದೊತ್ತಡ, ವರ್ಷಗಳಿಂದ ಕಾಡುತ್ತಿದ್ದ ಸ್ನಾಯುಗಳ ಸೆಳೆತ, ಆಗಾಗ ಕಾಲುಗಳೇ ಸೋತುಬಿಡುವಷ್ಟು ನಿಶ್ಶಕ್ತಿ, ರಕ್ತದಲ್ಲಿ ತೀರ ಇಳಿದ ಪೊಟ್ಯಾಸಿಯಂ. ಆಕೆಯ ಬೆವರಿನಲ್ಲಿ ಉಪ್ಪು ಕಡಮೆಯಾಗಿರುವುದನ್ನು ಕಂಡ ಕೂಡಲೇ ಅವನಿಗೆ ಹಳೆಯ ಸೈನಿಕರು ನೆನಪಾದರು. ಕಾನ್ ಆಕೆಯನ್ನು 227 ದಿನಗಳ ಕಾಲ ಚಯಾಪಚಯ ವಿಭಾಗದಲ್ಲಿ ಇರಿಸಿಕೊಂಡು, ತಿಂದದ್ದನ್ನೂ ಬೆವರಿದ್ದನ್ನೂ ಅಳೆದು, ಇದು ಆಲ್ಡೊಸ್ಟೆರೋನಿನ ಅತಿಸ್ರಾವವೇ ಸರಿಯೆಂದು ನಿಶ್ಚಯಿಸಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಶಸ್ತ್ರವೈದ್ಯನು ಅಡ್ರಿನಲ್ಲನ್ನು ತೆರೆದು ನೋಡಿದರೆ, ಮೊದಲೇ ಹೇಳಿದಂತೆ ಅಲ್ಲಿ ಗಂತಿಯಿದ್ದಿತು. ಅದನ್ನು ತೆಗೆದ ಮೇಲೆ ಆಕೆ ಚೇತರಿಸಿಕೊಂಡಳು.

ಅಧಿಕ ರಕ್ತದೊತ್ತಡದವರಲ್ಲಿ ಈ ವಿಕಾರವು ಸಾಕಷ್ಟು ಮಂದಿಗೆ ಇರಬೇಕೆಂದು ಕಾನ್ ಹೇಳಿದಾಗ ಸಮಕಾಲೀನರು ನಂಬಲಿಲ್ಲ. ಅಳತೆಯ ಸಾಧನಗಳು ಸುಧಾರಿಸಿದ ಮೇಲೆ ನೋಡಿದರೆ, ಬಿ.ಪಿ. ಇರುವ ನೂರು ಜನರಲ್ಲಿ ಐದರಿಂದ ಹತ್ತು ಜನರಲ್ಲಿ ಅದು ಸಿಕ್ಕುತ್ತಿದೆ. ಮೂರು ನಾಲ್ಕು ಮಾತ್ರೆಗಳಿಗೂ ಬಗ್ಗದ ಒತ್ತಡವುಳ್ಳವರಲ್ಲಿ ಇನ್ನೂ ಹೆಚ್ಚು. ಇದಕ್ಕೆ ಎದುರಾಗಿ ಕೆಲಸ ಮಾಡುವ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಹಳೆಯದು, ಅಗ್ಗವಾದುದು, ನಮ್ಮ ಔಷಧದಂಗಡಿಗಳಲ್ಲಿ ಸುಲಭವಾಗಿ ದೊರೆಯತಕ್ಕದ್ದು. ಅದೇ ಆಲ್ಡೊಸ್ಟೆರೋನ್ ಅತಿಯಾದಾಗ ಮೂತ್ರದ ಮೂಲಕ ಕ್ಯಾಲ್ಸಿಯಂ ಸೋರಿಹೋಗಿ, ಪ್ಯಾರಾಥೈರಾಯ್ಡ್ ಕೆರಳಿ, ಎಲುಬು ತೆಳುವಾಗುವುದೆಂಬುದು ಈಚಿನ ಶೋಧಗಳಿಂದ ತಿಳಿದುಬಂದಿದೆ. ಬಿ.ಪಿ.ಯ ರೋಗಿಯನ್ನು ಒಬ್ಬ ವೈದ್ಯನೂ, ಎಲುಬು ಮುರಿದವನನ್ನು ಇನ್ನೊಬ್ಬ ವೈದ್ಯನೂ, ಕಲ್ಲಿನವನನ್ನು ಮತ್ತೊಬ್ಬನೂ ನೋಡಿ, ಮೂವರೂ ಒಬ್ಬರ ಚೀಟಿಯನ್ನೊಬ್ಬರು ಓದದೆ ಕಳುಹಿಸಿಬಿಡುವ ನಮ್ಮ ಪದ್ಧತಿಯಲ್ಲಿ ಈ ಸಂಬಂಧವನ್ನು ಕಾಣುವವರು ಯಾರು?

ಚೀಟಿಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. 1886ರಲ್ಲಿ ಜರ್ಮನಿಯ ಫ್ರೈಬುರ್ಗ್ ಪಟ್ಟಣದಲ್ಲಿ ಹದಿನೆಂಟು ವರ್ಷದ ಯುವತಿಯೊಬ್ಬಳು ಎದೆಬಡಿತ, ತಲೆನೋವು, ಬೆವರುಗಳ ಪೀಡೆಗೆ ಸಿಲುಕಿ ಹಠಾತ್ತನೆ ಸತ್ತಳು. ಫ್ರಾಂಕೆಲ್ ಎಂಬ ವೈದ್ಯನು ಶವಪರೀಕ್ಷೆ ನಡೆಸಿ, ಎರಡು ಅಡ್ರಿನಲ್ಲುಗಳಲ್ಲಿಯೂ ಗಂತಿಯಿರುವುದನ್ನು ಕಂಡು ಬರೆದಿಟ್ಟನು. ಅಡ್ರಿನಲಿನನ್ನು ಉಕ್ಕಿಸುವ, ಫಿಯೋಕ್ರೋಮೋಸೈಟೋಮ ಎಂದು ಆಮೇಲೆ ಹೆಸರಾದ ಗಂತಿಯ ಮೊದಲ ವರ್ಣನೆ ಅದು. 2007ರಲ್ಲಿ, ಅಂದರೆ 121 ವರ್ಷಗಳ ತರುವಾಯ, ಅದೇ ಊರಿನ ಸಂಶೋಧಕರು ಹಳೆಯ ಕಾಗದಗಳ ಜಾಡು ಹಿಡಿದು ಆ ಯುವತಿಯ ವಂಶದವರನ್ನು ಪತ್ತೆಮಾಡಿ, ಅವರ ರಕ್ತದಲ್ಲಿ ಆ ರೋಗಕ್ಕೆ ಕಾರಣವಾಗುವ ವಂಶದೋಷವಿರುವುದನ್ನು ತೋರಿಸಿದರು. ಆಸ್ಪತ್ರೆಯ ಕಡತವೊಂದು ಶತಮಾನವನ್ನು ದಾಟಿ ಅದೇ ವಂಶದ ಮುಂದಿನ ತಲೆಮಾರನ್ನು ಎಚ್ಚರಿಸಿತು. ನಮ್ಮಲ್ಲಿ ಒಳರೋಗಿಯ ದಾಖಲೆಯನ್ನು ವೈದ್ಯನು ಇಟ್ಟುಕೊಂಡಿರಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವು ವಿಧಿಸಿರುವ ಕಾಲಾವಧಿ ಮೂರು ವರ್ಷ. ಅದಾದ ಮೇಲೆ ಕೇಸ್ ಷೀಟುಗಳು ಎಲ್ಲಿ ಹೋಗುತ್ತವೆಂಬುದನ್ನು ಹಳೆಯ ಆಸ್ಪತ್ರೆಗಳ ನೆಲಮಾಳಿಗೆಯನ್ನೋ ಹಳೆಯ ಕಾಗದ ಕೊಳ್ಳುವವನನ್ನೋ ಕೇಳಬೇಕು.

ಭಾರತದಲ್ಲಿ ಈ ವಿದ್ಯೆಯು ನಡೆದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಡೆದಲ್ಲಿ ಅದು ಕೊಟ್ಟ ಫಲವನ್ನು ನೋಡಿದರೆ ನನ್ನ ವಾದವೇ ಗಟ್ಟಿಯಾಗುತ್ತದೆ. ವಿ. ರಾಮಲಿಂಗಸ್ವಾಮಿಯವರೂ ಅವರ ಸಹಚರರೂ 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಸುಮಾರು ಒಂದು ಲಕ್ಷ ಜನರನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡು ವಲಯಗಳಿಗೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಬರಿಯ ಉಪ್ಪನ್ನೂ ಕೊಟ್ಟು, ಗಳಗಂಡವು ಇಳಿಯುವುದನ್ನು ವರ್ಷಗಟ್ಟಲೆ ಕಾದು ನೋಡಿದರು. ಇಂದು ನಮ್ಮ ಅಡಿಗೆಮನೆಯ ಡಬ್ಬಿಯಲ್ಲಿರುವ ಅಯೋಡಿನ್ ಉಪ್ಪಿನ ಹಿಂದೆ ಆ ಕಾಯುವಿಕೆಯಿದೆ. 2000ದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಗೋಸ್ವಾಮಿ ಮತ್ತಿತರರು ಆರೋಗ್ಯವಂತರೆನಿಸಿಕೊಂಡವರ ರಕ್ತದಲ್ಲಿ ವಿಟಮಿನ್ ಡಿ ಅಳೆದಾಗ, ಬಿಸಿಲಿನ ದೇಶದಲ್ಲಿ ಅದರ ಕೊರತೆಯೆಲ್ಲಿ ಬಂತೆಂಬ ನಮ್ಮ ನಿಶ್ಚಿಂತೆ ಮುರಿದುಬಿದ್ದಿತು. ಬಿಸಿಲಿನಲ್ಲಿ ಓಡಾಡುವ ಸೈನಿಕರ ಸ್ಥಿತಿ ಇದ್ದುದರಲ್ಲಿ ಮೇಲು. ತೀರ ಕೆಳಗಿದ್ದವರ ಸಾಲಿನಲ್ಲಿ ಆಸ್ಪತ್ರೆಯ ವೈದ್ಯರೂ ದಾದಿಯರೂ ಇದ್ದರು! ಪಶ್ಚಿಮದ ದೇಶಗಳಲ್ಲಿ ಪ್ಯಾರಾಥೈರಾಯ್ಡಿನ ಗಂತಿಯು ಈಗ ಸಾಮಾನ್ಯ ರಕ್ತಪರೀಕ್ಷೆಯಲ್ಲೇ, ಯಾವ ನೋವೂ ಕಾಣಿಸಿಕೊಳ್ಳುವ ಮೊದಲೇ ಸಿಕ್ಕಿಬೀಳುತ್ತದೆ. ಚಂಡೀಗಢ, ಲಕ್ನೋ, ದೆಹಲಿಗಳ ಆಸ್ಪತ್ರೆಗಳು ವರದಿ ಮಾಡಿರುವಂತೆ, ನಮ್ಮ ರೋಗಿಗಳಾದರೋ ಬಹುಪಾಲು ಎಲುಬು ಮುರಿದ ಮೇಲೆ, ಕಲ್ಲು ಕಟ್ಟಿದ ಮೇಲೆ ಬರುತ್ತಾರೆ. ಕ್ಯಾಪ್ಟನ್ ಮಾರ್ಟೆಲ್ಲನಿಗೆ ಆದುದು ನೂರು ವರ್ಷಗಳ ಮೇಲೂ ನಮ್ಮ ಊರಿನ ಹಮಾಲಿಗೆ ಆಗುತ್ತಿದ್ದರೆ, ಅದನ್ನು ತಪ್ಪಿಸಬಹುದಾಗಿದ್ದ ಕ್ಯಾಲ್ಸಿಯಂ ಪರೀಕ್ಷೆಯು ಯಾವ ಸಣ್ಣ ಪಟ್ಟಣದ ಪ್ರಯೋಗಶಾಲೆಯಲ್ಲಿಯೂ ಅಲ್ಪ ಹಣಕ್ಕೆ ಆಗತಕ್ಕದ್ದೆಂಬುದನ್ನು ನೆನೆದು ನಾಚಬೇಕಾಗುತ್ತದೆ.

ಗ್ರಂಥಿರೋಗಗಳು ಅಪರೂಪವೆನ್ನುವವರಿಗೆ ನಾವೇ ಕೈಯಾರ ಮಾಡಿಕೊಳ್ಳುತ್ತಿರುವ ಒಂದು ಗ್ರಂಥಿರೋಗವನ್ನು ತೋರಿಸಬೇಕು. ಹಾರ್ವೆ ಕುಶಿಂಗ್ ಎಂಬ ಶಸ್ತ್ರವೈದ್ಯನು 1932ರಲ್ಲಿ ವಿವರವಾಗಿ ವರ್ಣಿಸಿದ ರೋಗದಲ್ಲಿ, ಪಿಟ್ಯುಟರಿ ಗ್ರಂಥಿಯ ಒಂದು ಸಣ್ಣ ಗಂತಿಯ ಪ್ರಚೋದನೆಯಿಂದ ಅಡ್ರಿನಲ್ಲುಗಳು ಮಿತಿಮೀರಿ ಸ್ರವಿಸಿ, ಮುಖವು ಚಂದ್ರನಂತೆ ಗುಂಡಗಾಗುತ್ತದೆ, ಕೈಕಾಲು ಸೊರಗುತ್ತದೆ, ಸಕ್ಕರೆ ಏರುತ್ತದೆ, ಬೆನ್ನೆಲುಬು ಕುಸಿಯುತ್ತದೆ. ಅದೇ ಅಡ್ರಿನಲ್ಲಿನ ಸ್ರಾವವಾದ ಕಾರ್ಟಿಸೋನನ್ನು ಸಂಧಿವಾತದ ರೋಗಿಗೆ 1948ರಲ್ಲಿ ಮೊದಲು ಕೊಟ್ಟು ಕಂಡ ಪವಾಡಸದೃಶ ಫಲಕ್ಕಾಗಿ ಹೆಂಚ್, ಕೆಂಡಾಲ್, ರೈಷ್‌ಸ್ಟೈನ್ ಎಂಬ ಮೂವರಿಗೆ 1950ರ ನೊಬೆಲ್ ಪಾರಿತೋಷಕ ಸಂದಿತು. ಸ್ಟೀರಾಯ್ಡುಗಳೆಂಬ ಆ ವರ್ಗದ ಔಷಧಗಳು ಎಷ್ಟೋ ಜೀವಗಳನ್ನು ಉಳಿಸಿವೆ, ಅದರಲ್ಲಿ ಸಂದೇಹವಿಲ್ಲ. ಆದರೆ ವೈದ್ಯನ ಚೀಟಿಯಿಲ್ಲದೆ ಮಾರಕೂಡದ ಆ ಮಾತ್ರೆಗಳು ನಮ್ಮಲ್ಲಿ ಮೊಣಕಾಲು ನೋವಿಗೆ, ಉಬ್ಬಸಕ್ಕೆ, ಮೈ ತುಂಬಿಕೊಳ್ಳುವುದಕ್ಕೆ, ಮುಖ ಬೆಳ್ಳಗಾಗುವುದಕ್ಕೆಂದು ಅಂಗಡಿಯ ಗಾಜಿನ ಮೇಲಿಂದ ಕೈಬದಲಾಗುತ್ತವೆ. ಬೇರುನಾರಿನ ಪುಡಿಯೆಂದು ಸಂತೆಯಲ್ಲಿ ಮಾರುವ ಪೊಟ್ಟಣಗಳಲ್ಲಿಯೂ ಅಡಗಿ ಕೂರುತ್ತವೆ. ವರ್ಷಗಟ್ಟಲೆ ಇವನ್ನು ನುಂಗಿದವನ ಸ್ವಂತ ಅಡ್ರಿನಲ್ಲುಗಳು ನಿದ್ದೆಹೋಗುತ್ತವೆ; ಆತನು ಒಂದು ದಿನ ಗುಣವಾಯಿತೆಂದೋ ಹಣವಿಲ್ಲವೆಂದೋ ಥಟ್ಟನೆ ನಿಲ್ಲಿಸಿದರೆ, ಅಡಿಸನ್ ವರ್ಣಿಸಿದ ಅವಸ್ಥೆಗೇ ಇಳಿಯುತ್ತಾನೆ. ಒಂದೇ ಮನುಷ್ಯನಿಗೆ ಮೊದಲು ಕುಶಿಂಗ್ ಕಂಡ ರೋಗ, ಆಮೇಲೆ ಅಡಿಸನ್ ಕಂಡ ರೋಗ, ನಡುವೆ ಮುರಿದ ಎಲುಬು! 2021ರ ಬೇಸಗೆಯಲ್ಲಿ ಕೋವಿಡ್ಡಿನ ಬೆನ್ನಿಗೇ ಕಪ್ಪುಶಿಲೀಂಧ್ರದ ರೋಗವು ಹಬ್ಬಿದಾಗ, ಸಕ್ಕರೆ ಕಾಯಿಲೆಯ ಜೊತೆಗೆ ಸ್ಟೀರಾಯ್ಡಿನ ವಿವೇಚನೆಯಿಲ್ಲದ ಬಳಕೆಯ ಮೇಲೆಯೂ ವೈದ್ಯರ ಬೊಟ್ಟು ಬಿದ್ದಿತ್ತು. ಹೀಗೆ ಹಾಳಾದ ಅಡ್ರಿನಲ್ಲುಗಳು ನಮ್ಮ ಒಂದು ಜಿಲ್ಲೆಯಲ್ಲಿ ಎಷ್ಟಿವೆಯೆಂದು ಎಣಿಸುವುದು ಯಾವ ಶ್ರೀಮಂತ ದೇಶದ ವಿಲಾಸವೂ ಅಲ್ಲ, ಯಾವ ಶ್ರೀಮಂತ ದೇಶವೂ ನಮಗಾಗಿ ಎಣಿಸಿಕೊಡುವುದೂ ಇಲ್ಲ.

ಎಲುಬಿನ ವಿಚಾರದಲ್ಲಂತೂ ನಮ್ಮ ಪ್ರಶ್ನೆಗಳು ನಮ್ಮ ನೆಲದೊಳಗೇ ಹುದುಗಿವೆ. ಕುಡಿಯುವ ನೀರಿನ ಫ್ಲೋರೈಡಿನಿಂದ ಬೆನ್ನೆಲುಬು ಬಿಗಿದು ಬಿದಿರಿನಂತಾಗುವ ವ್ಯಾಧಿಯನ್ನು 1937ರಲ್ಲಿಯೇ ಮದರಾಸು ಪ್ರಾಂತದಲ್ಲಿ ಗುರುತಿಸಿದ್ದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿಯವರು, ಫ್ಲೋರೈಡ್ ಪೀಡಿತ ಹಳ್ಳಿಗಳ ಕಿಶೋರರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗುವ ಹೊಸ ರೂಪವನ್ನು ವರ್ಣಿಸಿದರು. 1977ರಲ್ಲಿ ಅದೇ ಸಂಸ್ಥೆಯ ಲಕ್ಷ್ಮಯ್ಯ ಮತ್ತು ಎಸ್. ಜಿ. ಶ್ರೀಕಂಠಯ್ಯನವರು ಅನ್ನ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡು ಹೆಚ್ಚಾಗಿ ನಿಲ್ಲುವುದೆಂಬುದನ್ನು ಅಳೆದು ತೋರಿಸಿದರು. ವಾರ್ಡ್ ನಾಲ್ಕರ ವಿದ್ಯೆಯೇ ಇದು, ತಕ್ಕಡಿಯೂ ಸಂಗ್ರಹದ ಪಾತ್ರೆಯೂ ಬೇಡುವಂಥದು. ಪಾವಗಡ, ಬಾಗೇಪಲ್ಲಿ, ಮುಂಡರಗಿಗಳ ಕೊಳವೆಬಾವಿಗಳನ್ನು ಬಲ್ಲವರಿಗೆ, ಜೋಳದ ರೊಟ್ಟಿಯೇ ಮುಖ್ಯಾಹಾರವಾದ ನಮ್ಮ ಬಡಗಣ ಜಿಲ್ಲೆಗಳನ್ನು ಬಲ್ಲವರಿಗೆ, ಈ ಶೋಧವು ಎಂಥ ಮಹತ್ವದ್ದೆಂದು ಬೇರೆ ಹೇಳಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ರಾಗಿಯಲ್ಲಿರುವ ಫೈಟೇಟ್ ಕ್ಯಾಲ್ಸಿಯಂನ ಒಂದು ಭಾಗವನ್ನು ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿಸಿದರೆ ಎಷ್ಟು ಬಿಡುಗಡೆಯಾದೀತು, ಫ್ಲೋರೈಡಿನ ನೀರಿನೊಡನೆ ಸೇರಿದಾಗ ಏನಾದೀತು, ವಿಟಮಿನ್ ಡಿ ಕೊರತೆಯಿರುವ ಬಸುರಿಯಲ್ಲಿ ಎಷ್ಟು ಎಲುಬಿಗೆ ಸೇರೀತು ಎಂಬಿವನ್ನು ಅಂದಾಜಿನಿಂದ ಹೇಳಲಾಗದು, ಅಳೆದೇ ಹೇಳಬೇಕು.

ಅಳೆಯುವುದು ಮನುಷ್ಯರನ್ನು. ಆದುದರಿಂದ ಇನ್ನೊಂದು ಶಂಕೆ ಏಳುತ್ತದೆ, ಮೊದಲಿನದಕ್ಕಿಂತ ಅದು ನನಗೆ ಗಂಭೀರವಾಗಿ ತೋರುತ್ತದೆ. ಪುಕ್ಕಟೆ ಹಾಸಿಗೆ, ಪುಕ್ಕಟೆ ಊಟವೆಂದರೆ ಸಹಿ ಹಾಕಲು ಸಿದ್ಧರಾಗುವ ಬಡವರನ್ನು ತಂದು ಮಲಗಿಸಿ, ಅವರ ದೇಹವನ್ನು ಪ್ರಯೋಗಶಾಲೆಯಾಗಿ ಮಾಡಿಕೊಳ್ಳುವ ಅಪಾಯ ಇಲ್ಲಿ ನಿಜವಾಗಿಯೂ ಇದೆ. ಮಾರ್ಟೆಲ್ಲನ ಕಥೆಯಲ್ಲಿ ನನಗೆ ಬಹಳವಾಗಿ ಹಿಡಿಸಿದುದು, ಆತನು ತನ್ನ ರೋಗದ ಶೋಧದಲ್ಲಿ ತಾನೇ ಒಬ್ಬ ಶೋಧಕನಾಗಿದ್ದನೆಂಬುದು. ಓದುಬರಹವಿದ್ದ, ಅಧಿಕಾರದಿಂದ ಮಾತಾಡಬಲ್ಲ ಹಡಗಿನ ಯಜಮಾನನಿಗೆ ಅದು ಸಾಧ್ಯವಾಯಿತು, ನಮ್ಮ ಕೂಲಿಯ ಹೆಂಗಸಿಗೆ ಸುಲಭವಲ್ಲ. ಶೋಧಕನೇ ಪ್ರಯೋಗಕ್ಕೆ ಒಳಗಾದುದೂ ಉಂಟು. ಪಾರ್ಕಿನ್ಸನ್ ರೋಗದಿಂದ ನಡುಗುತ್ತಿದ್ದ ಫುಲ್ಲರ್ ಆಲ್‌ಬ್ರೈಟ್ 1956ರಲ್ಲಿ ಆಗಿನ್ನೂ ಹೊಸದಾಗಿದ್ದ ಮಿದುಳಿನ ಚಿಕಿತ್ಸೆಯೊಂದಕ್ಕೆ ತಲೆಯೊಡ್ಡಿ, ಅದು ಕೆಟ್ಟು, ಮಾತಿಲ್ಲದೆ ಅರಿವಿಲ್ಲದೆ ಹದಿಮೂರು ವರ್ಷ ಅದೇ ಆಸ್ಪತ್ರೆಯಲ್ಲಿ ಮಲಗಿದ್ದು 1969ರಲ್ಲಿ ಕೊನೆಯುಸಿರೆಳೆದನು. ನಾವು ಕಟ್ಟಿಕೊಳ್ಳುವ ವಾರ್ಡಿನಲ್ಲಿ ರೋಗಿಗೆ ಅವನ ಮಾತಿನಲ್ಲೇ ಎಲ್ಲವನ್ನೂ ತಿಳಿಸತಕ್ಕದ್ದು, ಬೇಕೆಂದಾಗ ಎದ್ದು ಮನೆಗೆ ಹೋಗುವ ಹಕ್ಕಿರತಕ್ಕದ್ದು, ಕಾನ್ ರೋಗಿಯಂತೆ ತಿಂಗಳುಗಟ್ಟಲೆ ಉಳಿಯುವವರಿಗೆ ಕಳೆದುಕೊಂಡ ಕೂಲಿಯನ್ನು ಕಟ್ಟಿಕೊಡತಕ್ಕದ್ದು, ಪ್ರಯೋಗ ಮುಗಿದ ಮೇಲೆಯೂ ಔಷಧವು ನಿಲ್ಲದಂತೆ ನೋಡಿಕೊಳ್ಳತಕ್ಕದ್ದು. ಇದನ್ನು ನೋಡಿಕೊಳ್ಳುವ ನೀತಿಸಮಿತಿಯಲ್ಲಿ ಆ ತಾಲ್ಲೂಕಿನ ಜನರೇ ಒಬ್ಬಿಬ್ಬರು ಕುಳಿತಿರಲಿ.

ವಾರ್ಡು ಎಲ್ಲಿರಬೇಕೆಂಬುದಕ್ಕೂ ನನ್ನ ಉತ್ತರವಿದೆ: ಬೆಂಗಳೂರಿನಲ್ಲಿ ಬೇಡ. ಅಲ್ಲಿ ಯಂತ್ರಗಳೂ ತಜ್ಞರೂ ಉಂಟು, ಪ್ರಶ್ನೆಗಳು ಇಲ್ಲ. ರಾಯಚೂರು, ಬಳ್ಳಾರಿ, ಗದಗಗಳ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಒಂದಕ್ಕೆ ಇದನ್ನು ಕೊಟ್ಟರೆ, ರೋಗಿಯು ನೂರಾರು ಮೈಲಿ ಬರಬೇಕಾಗಿಲ್ಲ, ಅವನು ಕುಡಿಯುವ ನೀರನ್ನೂ ಉಣ್ಣುವ ರೊಟ್ಟಿಯನ್ನೂ ಅಲ್ಲಿಯೇ ಪಡೆದು ಅಳೆಯಬಹುದು. ಮೊದಲ ಕೆಲಸವಾಗಿ 1977ರ ಆ ಜೋಳದ ಪ್ರಶ್ನೆಯನ್ನೇ ಎತ್ತಿಕೊಳ್ಳಲಿ: ಅದೇ ಹಳ್ಳಿಯ ಅದೇ ಜನ ಕೆಲವು ವಾರ ರೊಟ್ಟಿ, ಕೆಲವು ವಾರ ಅನ್ನ, ಕೆಲವು ವಾರ ಮುದ್ದೆ ಉಂಡು, ನೀರು ಮಾತ್ರ ಒಂದೇ ಆಗಿದ್ದಾಗ, ಎಷ್ಟು ಫ್ಲೋರೈಡು, ಎಷ್ಟು ಕ್ಯಾಲ್ಸಿಯಂ ಒಳಗುಳಿಯಿತು? ಇದಕ್ಕೆ ಬೇಕಾದುದು ಹತ್ತು ಹಾಸಿಗೆ, ಒಂದು ಒಳ್ಳೆಯ ತಕ್ಕಡಿ, ಸಂಗ್ರಹಕ್ಕೆ ಶುಚಿಯಾದ ಪಾತ್ರೆಗಳು, ಒಬ್ಬ ರಸಾಯನಜ್ಞ, ಅಳತೆ ತಪ್ಪದ ಅಡಿಗೆಯವಳು, ಲೆಕ್ಕ ತಪ್ಪದ ದಾದಿ, ಮತ್ತು ಐದು ವರ್ಷ ವರ್ಗಾವಣೆಯಾಗದ ಒಬ್ಬ ವೈದ್ಯ. ಈ ಪಟ್ಟಿಯಲ್ಲಿ ಸರ್ಕಾರಕ್ಕೆ ದುಬಾರಿಯಾಗಿ ತೋರುವುದು ಕೊನೆಯ ಬಾಬತ್ತೇ ಇರಬೇಕು.